ಏಳು ಗಂಟೆ ಹನ್ನೆರಡು ನಿಮಿಷ: ದಿನದ ಬದುಕಿನಲ್ಲಿ ನೀತಿಯಾಗಿ ನಡೆಯುವುದು ಹೇಗೆ

ನಾನು 22 ವರ್ಷ ಲೆಕ್ಕ ಬರೆದವಳು. ಒಂದು ಗೋದಾಮಿನ ಆಫೀಸಿನಲ್ಲಿ ಹಾಜರಿ, ಸಂಬಳ, ಓವರ್‌ಟೈಮ್ ಎಲ್ಲ ನನ್ನ ಕೈಯಲ್ಲೇ ಇತ್ತು. ಈಗ ನಮ್ಮ ಸಭೆಯ, ಅಂದರೆ ಚರ್ಚಿನ, ಕಾಣಿಕೆ ಲೆಕ್ಕ ನೋಡುತ್ತೇನೆ. ಅದಕ್ಕೇ ಇರಬೇಕು, ಪ್ರಸಂಗದಲ್ಲಿ 'ನೀತಿ' ಅಂದ ಕೂಡಲೇ ನನ್ನ ಮನಸ್ಸು ಸೀದಾ ಹಳೇ ಹಾಜರಿ ಪುಸ್ತಕಕ್ಕೆ ಹೋಗುತ್ತದೆ. ಅದರಲ್ಲೂ ಒಂದು ಹಾಳೆಗೆ.

ಲೋಡಿಂಗ್ ಕೆಲಸದ ಒಬ್ಬರು ಸಂಬಳದ ಮರುದಿನ ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾ, ಆರು ಗಂಟೆ ಕಮ್ಮಿ ಬಂದಿದೆ" ಅಂದರು. ನಾನು ತಲೆ ಎತ್ತಲಿಲ್ಲ. "ಲೆಕ್ಕ ಸರಿಯಾಗಿದೆ, ನೀವೇ ಮರೆತಿರಬೇಕು" ಅಂದೆ. ಅವರು ಸ್ವಲ್ಪ ಹೊತ್ತು ನಿಂತರು. "ಆಯ್ತಕ್ಕಾ" ಅಂತ ಹೋದರು.

ಎರಡು ದಿನ ಕಳೆದ ಮೇಲೆ ಫೈಲ್ ಜೋಡಿಸುವಾಗ ಒಂದು ಹಾಜರಿ ಹಾಳೆಯ ಮೂಲೆ ಮಡಚಿಕೊಂಡದ್ದು ಕಂಡಿತು. ಬಿಡಿಸಿ ನೋಡಿದರೆ ಅವರ ಹೆಸರಿನ ಮುಂದೆ ಸೂಪರ್‌ವೈಸರ್ ಕೈಯಲ್ಲಿ ಬರೆದ 6. ತಪ್ಪು ನನ್ನದೇ. ನಾನು ಏನು ಮಾಡಿದೆ ಗೊತ್ತಾ? ಹಾಳೆಯನ್ನು ನೀಟಾಗಿ ಒತ್ತಿ, ಫೈಲ್ ಮುಚ್ಚಿಟ್ಟೆ. ತಿಂಗಳ ಲೆಕ್ಕ ಮುಗಿದಿತ್ತು. ಕೇಳಿದವರು ಸುಮ್ಮನಾಗಿದ್ದರು. ಮ್ಯಾನೇಜರ್ ಮುಂದೆ ಹೋಗಿ ನನ್ನ ತಪ್ಪು ಅನ್ನಬೇಕಲ್ಲ, ಅದು ಯಾರಿಗೆ ಬೇಕು.

ಮೂರು ವಾರ ಹಾಗೇ ಇದ್ದೆ. ಆ ಮೂರು ವಾರವೂ ತಪ್ಪದೆ ಸಭೆಗೆ ಹೋದೆ, ಹಾಡಿದೆ, ಒಂದು ದಿನ ಪ್ರಾರ್ಥನೆ ನಡೆಸಿಯೂ ಕೊಟ್ಟೆ. ಈ ಬರಹ ಹುಟ್ಟಿದ್ದು ಅಲ್ಲಿಂದ. ನೀತಿಯ ಬಗ್ಗೆ ನನಗೆ ಪಾಠ ಹೇಳುವಷ್ಟು ಗೊತ್ತಿಲ್ಲ. ಆ ಆರು ಗಂಟೆಯನ್ನು ಸರಿ ಮಾಡಲು ಹೋಗಿ ಕಲಿತದ್ದನ್ನು, ಆಮೇಲೆ ರೂಢಿ ಮಾಡಿಕೊಂಡದ್ದನ್ನು ಹೇಳಬಲ್ಲೆ.

ಮೊದಲು ಜಮಾ ನೋಡಿ

ಶುರು ಮಾಡುವ ಮುಂಚೆ ಒಂದು ವಿಷಯ ಇತ್ಯರ್ಥ ಆಗಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ನಮ್ಮನ್ನೇ ಹಿಂಡುವ ಗಾಣ ಆಗುತ್ತದೆ.

ಬೈಬಲಿನ ಆದಿಕಾಂಡ 15:6ರಲ್ಲಿ ಅಬ್ರಾಮನು ದೇವರನ್ನು ನಂಬಿದ, ದೇವರು ಅದನ್ನು ಅವನ ಲೆಕ್ಕಕ್ಕೆ ನೀತಿ ಅಂತ ಎಣಿಸಿದ ಅಂತ ಇದೆ. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಪೂರ್ತಿ ಈ ಒಂದು ಮಾತನ್ನು ಹಿಡಿದು ಕೂರುತ್ತಾನೆ. ಅವನು ಅಲ್ಲಿ ಬಳಸುವ ಗ್ರೀಕ್ ಪದ ಲೆಕ್ಕ ಬರೆಯುವವರ ಪದ. ಖಾತೆಗೆ ಹಾಕುವುದು, ಎಣಿಸುವುದು ಅಂತ ಅರ್ಥ. ಕೆಲಸ ಮಾಡಿದವನಿಗೆ ಕೊಡುವುದು ಕೂಲಿ, ಅದು ಸಾಲ ತೀರಿಸಿದ ಹಾಗೆ. ಇಲ್ಲಿ ನಡೆದಿರುವುದು ಬೇರೆ, ಇದು ಕೃಪೆ ಅನ್ನುತ್ತಾನೆ.

ಲೆಕ್ಕದವಳಾಗಿ ಇದು ನನಗೆ ಬಹಳ ದಿನ ಒಗ್ಗಲಿಲ್ಲ. ದುಡಿಯದೆ ಜಮಾ ಆಗುವುದು ಅಂದರೇನು? ನಮ್ಮಲ್ಲಿ ಹಾಗೆ ಬಂದಿದ್ದರೆ ಆಡಿಟ್‌ನವರು ಬಿಡುತ್ತಿದ್ದರೇ! ಆದರೆ ಕ್ರಿಸ್ತನ ನೀತಿ ನಮ್ಮ ಖಾತೆಗೆ ಬಂದದ್ದು ಹೀಗೇ. ಇದನ್ನು ನಂಬಿದವರಿಗೆ ಒಂದು ದೊಡ್ಡ ಅನುಕೂಲ ಇದೆ: ತಪ್ಪು ಒಪ್ಪಿಕೊಂಡರೆ ದಿವಾಳಿ ಆಗುತ್ತೇವೆ ಅನ್ನೋ ಭಯ ಇರುವುದಿಲ್ಲ. ನಾನು ಆ ಹಾಳೆಯನ್ನು ಬಚ್ಚಿಟ್ಟದ್ದು ಇದೇ ಭಯಕ್ಕೆ. 'ಲೆಕ್ಕ ತಪ್ಪದವಳು' ಅನ್ನೋ ಹೆಸರೇ ನನ್ನ ಬಂಡವಾಳ ಅಂದುಕೊಂಡಿದ್ದೆ.

ಇನ್ನೊಂದು ಕಡೆ ನೋಡಿ. ಯಾಜಕಕಾಂಡ 19:35-36ರಲ್ಲಿ ಅಳತೆ, ತೂಕ, ತಕ್ಕಡಿ, ತೂಕದ ಕಲ್ಲು ಎಲ್ಲ ನ್ಯಾಯವಾಗಿರಬೇಕು ಅಂತ ದೇವರು ಹೇಳುತ್ತಾನೆ. ಯಾಕೆ ಅನ್ನೋದಕ್ಕೆ ಕೊಡುವ ಕಾರಣ: ನಿಮ್ಮನ್ನು ಐಗುಪ್ತದಿಂದ ಬಿಡಿಸಿ ತಂದವನು ನಾನು. ಬಿಡುಗಡೆ ಮೊದಲು, ತಕ್ಕಡಿ ಆಮೇಲೆ. ತಕ್ಕಡಿ ಸರಿ ಇಟ್ಟುಕೊಂಡರೆ ಬಿಡಿಸುತ್ತೇನೆ ಅಂತ ಇಲ್ಲ. ಈ ಕ್ರಮ ತಲೆಕೆಳಗಾದರೆ ನಾವು ಯೇಸುವಿನ ಕಾಲದ ಫರಿಸಾಯರ ಹಾಗೆ ನಾವೇ ನೀತಿವಂತರು ಅಂತ ಬೀಗುತ್ತೇವೆ, ಇಲ್ಲವೇ ಸೋತು ಕೂರುತ್ತೇವೆ. ನಾನು ಎರಡೂ ಆಗಿದ್ದೇನೆ.

ಬಾಕಿ ಇರುವವರ ಹೆಸರು ಬರೆಯಿರಿ

'ನಾನು ಒಳ್ಳೆಯವಳಾಗಬೇಕು' ಅಂತ ತೀರ್ಮಾನ ಮಾಡಿದರೆ ಏನೂ ಆಗುವುದಿಲ್ಲ. ಅದು ಗಾಳಿಗೆ ಕೊಟ್ಟ ಚೆಕ್. ನೀತಿ ಯಾವಾಗಲೂ ಒಬ್ಬ ಮನುಷ್ಯನ ಹೆಸರು ಕೇಳುತ್ತದೆ. ಹಾಗಾಗಿ ಒಂದು ಚಿಕ್ಕ ಪುಸ್ತಕ ತೆಗೆದುಕೊಳ್ಳಿ. ರಾತ್ರಿ ಕೀರ್ತನೆ 139ರ ಕೊನೆಯ ಎರಡು ವಚನ ಓದಿ, "ದೇವರೇ, ನನ್ನನ್ನು ಪರೀಕ್ಷಿಸು" ಅಂತ ಕೇಳಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಯಾರದಾದರೂ ಮುಖ ಬಂದರೆ ಹೆಸರು ಬರೆಯಿರಿ. ಪಕ್ಕದಲ್ಲಿ ಅವರಿಗೆ ಏನು ಬಾಕಿ ಅಂತ ಒಂದೇ ಸಾಲು. ದುಡ್ಡೇ ಇರಬೇಕು ಅಂತಿಲ್ಲ. ಒಂದು ಕ್ಷಮೆ, ಕೊಟ್ಟ ಮಾತು, ಹಿಂದಿನಿಂದ ಆಡಿದ ಮಾತು, ತಂದು ಹಿಂದಿರುಗಿಸದ ಪುಸ್ತಕ. ಯಾರ ಮುಖವೂ ಬರದಿದ್ದರೆ ಸುಮ್ನೆ ಮಲಗಿ. ಕೆದಕಿ ಕೆದಕಿ ಪಾಪ ಹುಡುಕುವ ಅಗತ್ಯ ಇಲ್ಲ.

ಇಲ್ಲೊಂದು ಎಚ್ಚರಿಕೆ. ನಾನು ಮೊದಮೊದಲು ಆ ಪುಸ್ತಕದಲ್ಲಿ ತಾಳ್ಮೆ, ಪ್ರಾರ್ಥನೆ, ಸತ್ಯ ಅಂತ ಕಾಲಂ ಹಾಕಿ ಟಿಕ್ ಹಾಕುತ್ತಿದ್ದೆ. ಎರಡು ವಾರಕ್ಕೆ ಟಿಕ್‌ಗಳನ್ನು ನೋಡಿ ನನಗೇ ಖುಷಿಯಾಗತೊಡಗಿತು. ಹರಿದು ಹಾಕಿದೆ. ಪುಸ್ತಕದಲ್ಲಿ ಬಾಕಿ ಮಾತ್ರ ಇರಲಿ. ತೀರಿದ ಮೇಲೆ ಹೆಸರನ್ನು ಓದಲಾಗದಷ್ಟು ಗೀಚಿ ಬಿಡಿ.

ಹೋಗಿ ತೀರಿಸುವುದು

ಮತ್ತಾಯ 5:23-24ರಲ್ಲಿ ಯೇಸು ಹೇಳಿದ್ದು ಗೊತ್ತಲ್ಲ: ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಾ. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಅಲ್ಲಿ ಹೇಳಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ. ನಾಲ್ಕನೇ ಭಾನುವಾರ ಕಾಣಿಕೆ ಚೀಲ ನನ್ನ ಸಾಲಿಗೆ ಬಂದಾಗ ಆ ಮಡಚಿದ ಹಾಳೆ ಕಣ್ಣ ಮುಂದೆ ಬಂತು. ಚೀಲವನ್ನು ಪಕ್ಕದವರಿಗೆ ದಾಟಿಸಿದೆ.

ಸೋಮವಾರ ಬೆಳಿಗ್ಗೆ ಮೊದಲು ಮ್ಯಾನೇಜರ್ ಹತ್ತಿರ ಹೋದೆ. ಅವರು ನಾಲ್ಕು ಮಾತು ಅಂದರು, ಮುಂದಿನ ಸಂಬಳದಲ್ಲಿ ಸೇರಿಸಲು ಸಹಿ ಹಾಕಿದರು. ಅಷ್ಟೇ. ಮೂರು ವಾರ ಹೆದರಿದ್ದು ಈ ನಾಲ್ಕು ಮಾತಿಗೆ!

ಆದರೆ ಯಾಜಕಕಾಂಡ 6ನೇ ಅಧ್ಯಾಯ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ನೆರೆಯವನಿಗೆ ಮೋಸ ಮಾಡಿದವನು ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಯೇಸುವನ್ನು ಕಂಡು ಬದಲಾದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ನಾನು ಜಕ್ಕಾಯ ಅಲ್ಲ, ಐದನೇ ಒಂದು ಪಾಲೇ ಸಾಕು ಅಂದುಕೊಂಡೆ. ಆರು ಗಂಟೆಗೆ ಐದನೇ ಒಂದು ಅಂದರೆ ಒಂದು ಗಂಟೆ ಹನ್ನೆರಡು ನಿಮಿಷ. ಆ ದುಡ್ಡನ್ನು ನನ್ನ ಕೈಯಿಂದ ಲಕೋಟೆಯಲ್ಲಿ ಹಾಕಿ ಅವರ ಹತ್ತಿರ ಹೋದೆ.

ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದರು. ನಾನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. "ನಿಮ್ಮ ಆರು ಗಂಟೆ ಬಿಟ್ಟದ್ದು ನಾನು. ನೀವು ಕೇಳಿದಾಗ ನೋಡದೆಯೇ ನಿಮ್ಮ ಮೇಲೆ ಹಾಕಿದೆ. ಗೊತ್ತಾದ ಮೇಲೂ ಮೂರು ವಾರ ಸುಮ್ಮನಿದ್ದೆ. ತಪ್ಪಾಯ್ತು." ಅವರು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಲಕೋಟೆ ನೋಡಿದರು. ಇದು ಏನು ಅಂದರು. ಐದನೇ ಒಂದು ಪಾಲಿನ ಲೆಕ್ಕ ಹೇಳಿದೆ. "ಅಂದರೆ ಏಳು ಗಂಟೆ ಹನ್ನೆರಡು ನಿಮಿಷ ಆಯ್ತಾ? ಹನ್ನೆರಡು ನಿಮಿಷವನ್ನೂ ಬಿಡಲಿಲ್ಲವಲ್ಲಕ್ಕಾ!" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದರು. "ದುಡ್ಡಿಗಿಂತ, ನಾನು ಸುಳ್ಳು ಹೇಳಿದೆ ಅಂತ ನೀವು ಅಂದುಕೊಂಡ್ರಲ್ಲ, ಅದು ಜಾಸ್ತಿ ಬೇಜಾರಾಗಿತ್ತು."

ನನ್ನ ಲೆಕ್ಕದಲ್ಲಿ ಆ ಬಾಕಿ ಇರಲೇ ಇಲ್ಲ. ಹೋಗಿ ಎದುರು ನಿಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಹಾಗಾಗಿ ತೀರಿಸಲು ಹೋಗುವವರಿಗೆ ನನ್ನ ಮಾತು: ತಪ್ಪನ್ನು ಅದರ ಹೆಸರಿನಿಂದಲೇ ಕರೆಯಿರಿ. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಅನ್ನಬೇಡಿ. ಅದು ಬೇಜಾರಾದದ್ದೇ ಅವರ ತಪ್ಪು ಅನ್ನೋ ಹಾಗೆ. "ಆದರೆ" ಅನ್ನೋ ಪದ ಬಾಯಿಗೆ ಬಂದರೆ ಅಲ್ಲೇ ನಿಲ್ಲಿಸಿ. ಹೇಳಿ ಮುಗಿದ ಮೇಲೆ ಅವರು ಮಾತಾಡಲಿ, ನೀವು ಕೇಳಿ. ಕ್ಷಮಿಸಲೇಬೇಕು ಅಂತ ಒತ್ತಾಯ ಬೇಡ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ನೀವು ಹೋಗಿ ಹೇಳಿದರೆ ಅವರ ಗಾಯ ಇನ್ನೂ ದೊಡ್ಡದಾಗುತ್ತದೆ, ಅಥವಾ ಮೂರನೆಯವರ ಗುಟ್ಟು ಹೊರಬರುತ್ತದೆ ಅನ್ನಿಸಿದರೆ ಮೊದಲು ನಂಬಿಕಸ್ಥ ಹಿರಿಯರೊಬ್ಬರನ್ನು ಕೇಳಿ. ಇನ್ನು ನಿಮಗೆ ಹೊಡೆಯುವವರು, ಹಿಂಸೆ ಕೊಡುವವರು ಇದ್ದರೆ ಅವರ ಮುಂದೆ ಹೋಗಿ ಒಂದಾಗಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಬಾಕಿ ಅವರದು. ದೂರ ಹೋಗಿ ಸಹಾಯ ಕೇಳುವುದರಲ್ಲಿ ಅನೀತಿ ಏನೂ ಇಲ್ಲ.

ಚೀಲದಲ್ಲಿ ಎರಡು ಕಲ್ಲು

ಧರ್ಮೋಪದೇಶಕಾಂಡ 25:13ರಲ್ಲಿ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ, ಒಂದು ದೊಡ್ಡದು ಒಂದು ಚಿಕ್ಕದು, ಅಂತ ಇದೆ. ಕೊಳ್ಳುವಾಗ ಒಂದು, ಮಾರುವಾಗ ಒಂದು. ನಾನು ವ್ಯಾಪಾರ ಮಾಡುವವಳಲ್ಲ, ಇದು ನನಗಲ್ಲ ಅಂತ ಎಷ್ಟು ವರ್ಷ ಓದಿ ದಾಟಿದ್ದೆನೋ.

ಹೋದ ತಿಂಗಳು ಅಮ್ಮನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾದ ದಿನ ನನ್ನ ತಂಗಿ ಮರೆತುಬಿಟ್ಟಳು. ಫೋನಿನಲ್ಲಿ ಅವಳಿಗೆ ಮಂಗಳಾರತಿ ಮಾಡಿದೆ. "ನಿನಗೆ ಜವಾಬ್ದಾರಿನೇ ಇಲ್ಲ" ಅಂದೆ. ಫೋನ್ ಇಟ್ಟ ಮೇಲೆ ಮನೆಯವರು ಪೇಪರ್ ಹಿಂದಿನಿಂದ, "ಹೋದ ಸಲ ಮರೆತದ್ದು ಯಾರು?" ಅಂದರು. ನಾನೇ. ಆಗ ನಾನು ಅಮ್ಮನಿಗೆ ಏನು ಹೇಳಿದ್ದೆ? "ಕೆಲಸ ಜಾಸ್ತಿ ಇತ್ತಮ್ಮಾ." ನಾನು ಮರೆತರೆ ಕೆಲಸದ ಒತ್ತಡ, ತಂಗಿ ಮರೆತರೆ ಅವಳ ಗುಣವೇ ಹಾಗೆ. ಎರಡು ಕಲ್ಲು ಅಂದರೆ ಇದೇ ಅಲ್ವಾ?

ಇದಕ್ಕೆ ನಾನು ಕಂಡುಕೊಂಡ ಉಪಾಯ ಚಿಕ್ಕದು. ಬೇರೆಯವರ ತಪ್ಪಿಗೆ ಒಂದು ಮಾತು ಹೊಳೆದಾಗ, ಅದೇ ತಪ್ಪು ನಾನು ಮಾಡಿದ್ದ ಕೊನೆಯ ಸಲ ಯಾವುದು ಅಂತ ಕೇಳಿಕೊಳ್ಳುವುದು. ಹತ್ತರಲ್ಲಿ ಎಂಟು ಸಲ ಏನಾದರೂ ನೆನಪಿಗೆ ಬರುತ್ತದೆ. ಆಗ ಮಾತಿನ ತೂಕ ತಾನಾಗಿಯೇ ಇಳಿಯುತ್ತದೆ. ಹೇಳಬಾರದು ಅಂತಲ್ಲ, ಹೇಳುವ ದನಿ ಬದಲಾಗುತ್ತದೆ.

ದನಿ ಅಂದಾಗ ಇನ್ನೊಂದು. ಸಭೆಯಲ್ಲಿ ನನ್ನ ದನಿ ಬೇರೆ, ಮನೆಯಲ್ಲಿ ಬೇರೆ ಅಂತ ಮಗ ಅನುಕರಣೆ ಮಾಡಿ ತೋರಿಸಿದ್ದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬಾಯಿಯ ಲೆಕ್ಕ

ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ, ಮತ್ತಾಯ 5:37. ದೊಡ್ಡ ಸುಳ್ಳು ಹೇಳುವವರು ನಮ್ಮಲ್ಲಿ ಕಮ್ಮಿ. ನಮ್ಮದು ಚಿಲ್ಲರೆ ಸುಳ್ಳು. "ಈಗ ಹೊರಟೆ" ಅನ್ನುವಾಗ ಇನ್ನೂ ಸ್ನಾನ ಆಗಿರುವುದಿಲ್ಲ. "ನಿಮ್ಮ ಮೆಸೇಜ್ ನೋಡೇ ಇಲ್ಲ."

ಆದರೆ ಕ್ರೈಸ್ತರಾದ ನಮ್ಮಲ್ಲೇ ಓಡಾಡುವ ಒಂದು ಸುಳ್ಳು ಇದೆ: "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ." ಹೇಳಿ ಮರೆತುಬಿಡುತ್ತೇವೆ. ನಾನು ಈಗ ಮಾಡುವುದು ಇಷ್ಟೇ. ಫೋನಿನಲ್ಲಾದರೆ ಇಡುವ ಮುಂಚೆ, ಎದುರಿದ್ದರೆ ಅಲ್ಲೇ ನಿಂತು, ಮೂರು ವಾಕ್ಯ ಪ್ರಾರ್ಥಿಸಿಬಿಡುತ್ತೇನೆ. ಆಗದಿದ್ದರೆ ಆ ಮಾತನ್ನೇ ಆಡುವುದಿಲ್ಲ, "ಕೇಳಿ ದುಃಖವಾಯ್ತು" ಅನ್ನುತ್ತೇನೆ.

ಇನ್ನೊಂದು, 'ಪ್ರಾರ್ಥನೆಗಾಗಿ ಹೇಳ್ತಿದೀನಿ' ಅಂತ ಶುರುವಾಗುವ ಚಾಡಿ. ವಿವರಣೆ ಬೇಡ, ನಿಮಗೆ ಗೊತ್ತು.

ನಿಮ್ಮ ಪೆನ್ನು ಏನನ್ನು ಬರೆಯುವುದಿಲ್ಲ?

ನನ್ನ ವೃತ್ತಿಯವರಿಗೆ ನಾನು ಯಾವಾಗಲೂ ಹೇಳುವ ಒಬ್ಬರಿದ್ದಾರೆ. ಜಾನ್ ವೂಲ್ಮನ್. 1720ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ, ಕ್ವೇಕರ್ ಅನ್ನೋ ಪಂಗಡದ ಕ್ರೈಸ್ತ. ಹರೆಯದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ದಿನ ಮಾಲೀಕ, ತನ್ನ ಗುಲಾಮಳಾದ ಕಪ್ಪು ಹೆಂಗಸನ್ನು ಮಾರಿದ್ದೇನೆ, ಕ್ರಯಪತ್ರ ಬರೆ ಅಂದ. ಕೊಳ್ಳುವವನು ಕಾಯುತ್ತಾ ನಿಂತಿದ್ದ. ವೂಲ್ಮನ್‌ಗೆ ಹೊಟ್ಟೆ ಕಿವುಚಿದಂತಾಯಿತು, ಆದರೂ ಬರೆದ. ಇದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲ ಅಂತ ಇಬ್ಬರ ಎದುರೂ ಹೇಳಿದ, ಆದರೆ ಬರೆದ. ಅದು ಅವನನ್ನು ಬಿಡಲಿಲ್ಲ. ಇನ್ನೊಬ್ಬರು ಅಂಥದ್ದೇ ಪತ್ರ ಬರೆದುಕೊಡು ಅಂದಾಗ ಆಗುವುದಿಲ್ಲ ಅಂದ. ಗುಲಾಮರನ್ನು ಮಕ್ಕಳಿಗೆ ಬಿಟ್ಟುಹೋಗುವ ಉಯಿಲು ಬರೆಯಲೂ ಒಪ್ಪಲಿಲ್ಲ. ಗುಲಾಮರಿದ್ದ ಮನೆಯಲ್ಲಿ ಅತಿಥಿಯಾಗಿ ತಂಗಿದರೆ, ತನಗಾಗಿ ದುಡಿದವರಿಗೆ ಕೂಲಿ ಅಂತ ದುಡ್ಡು ಕೊಟ್ಟು ಬರುತ್ತಿದ್ದ. ಮನೆಯಿಂದ ಮನೆಗೆ ಹೋಗಿ ತನ್ನ ಪಂಗಡದವರ ಜೊತೆಯೇ ಮೆಲ್ಲಗೆ ಮಾತಾಡುತ್ತಾ ಬಂದ. 1772ರಲ್ಲಿ ತೀರಿಹೋದ. 1776ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಮಹಾಸಭೆ, ಗುಲಾಮರನ್ನು ಇಟ್ಟುಕೊಂಡವರು ತಮ್ಮ ಸದಸ್ಯರಾಗಿರುವಂತಿಲ್ಲ ಅಂತ ತೀರ್ಮಾನ ಮಾಡಿತು.

ಅವನ ಕತೆಯಲ್ಲಿ ನನಗೆ ಹಿಡಿಸುವುದು ಆ ಮೊದಲ ಪತ್ರ. ಅವನೂ ಬರೆದಿದ್ದ! ಮಾಲೀಕ ಎದುರು ನಿಂತಾಗ, ಗಿರಾಕಿ ಕಾಯುತ್ತಿರುವಾಗ ಯೋಚನೆಗೆ ಸಮಯ ಇರುವುದಿಲ್ಲ. ಅದಕ್ಕೆ ಮೊದಲೇ ತೀರ್ಮಾನ ಆಗಿರಬೇಕು, ಬಾಯಿಯಲ್ಲಿ ವಾಕ್ಯ ಸಿದ್ಧವಾಗಿರಬೇಕು. ನನ್ನ ವಾಕ್ಯ ಇದು: "ಹಳೇ ತಾರೀಖು ಹಾಕೋಕೆ ಆಗಲ್ಲ ಸರ್, ಇವತ್ತಿನದು ಹಾಕಿ ಈಗಲೇ ಮಾಡಿಕೊಡ್ತೀನಿ." ಅದರಲ್ಲಿ 'ಆಗಲ್ಲ'ವೂ ಇದೆ, ಮಾಡಿಕೊಡುವುದೂ ಇದೆ. ಉಪದೇಶ ಇಲ್ಲ. ನಾಲ್ಕೈದು ಸಲ ಹೇಳಿದ್ದೇನೆ. ಮೂರು ಸಲ ಏನೂ ಆಗಲಿಲ್ಲ. ಒಂದು ಸಲ ಆ ಫೈಲನ್ನೇ ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು, ಆ ವರ್ಷ ಬಡ್ತಿಯೂ ತಪ್ಪಿತು. ನೀತಿಯಾಗಿ ನಡೆದರೆ ದೇವರು ಎಲ್ಲ ಎರಡರಷ್ಟು ಕೊಡುತ್ತಾನೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕೀರ್ತನೆ 15 ಹೇಳುವುದು ನಷ್ಟವಾದರೂ ಮಾತು ತಪ್ಪದವನ ಬಗ್ಗೆ. ನಷ್ಟ ಆಗಬಹುದು ಅಂತ ಅಲ್ಲೇ ಬರೆದಿದೆ.

ನಿಮ್ಮ ಕೈ ಕೆಳಗೆ ಯಾರಾದರೂ ಕೆಲಸ ಮಾಡುತ್ತಿದ್ದರೆ ಇನ್ನೂ ಒಂದು ವಚನ ನಿಮಗೆ ಸೇರಿದ್ದು. ಧರ್ಮೋಪದೇಶಕಾಂಡ 24:15, ಹೊತ್ತು ಮುಳುಗುವ ಮುಂಚೆ ಅವನ ಕೂಲಿ ಕೊಡು. "ನಾಳೆ ಬಾ" ಅನ್ನುವುದು ನಮಗೆ ಒಂದು ದಿನದ ಮಾತು. ಅದನ್ನೇ ಎಣಿಸಿಕೊಂಡಿರುವವರಿಗೆ ಹಾಗಲ್ಲ.

ಯಾರಿಗೂ ಕಾಣದ್ದು, ಎಲ್ಲರಿಗೂ ಕಾಣಬೇಕಾದ್ದು

ಕೊಡುವುದನ್ನು ಗುಟ್ಟಾಗಿ ಕೊಡಿ, ಎಡಗೈಗೂ ಗೊತ್ತಾಗಬಾರದು ಅಂತ ಯೇಸು ಹೇಳಿದ. ಲೆಕ್ಕವನ್ನು ಮಾತ್ರ ಗುಟ್ಟಾಗಿ ಇಡಬೇಡಿ. 2 ಕೊರಿಂಥ 8ರಲ್ಲಿ ಪೌಲ ಸಂಗ್ರಹವಾದ ದುಡ್ಡನ್ನು ಒಬ್ಬನೇ ಒಯ್ಯಲು ಹೋಗುವುದಿಲ್ಲ, ಸಭೆಗಳು ಆರಿಸಿದ ಸಹೋದರ ಜೊತೆಗಿರುತ್ತಾನೆ. ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುತ್ತಾನೆ. ನಮ್ಮ ಸಭೆಯಲ್ಲಿ ಕಾಣಿಕೆ ಎಣಿಸುವಾಗ ಯಾವಾಗಲೂ ಇಬ್ಬರು, ಇಬ್ಬರದೂ ಸಹಿ. "ನಿಮ್ಮ ಮೇಲೆ ನಂಬಿಕೆ ಇದೆ, ನೀವೊಬ್ಬರೇ ಎಣಿಸಿ" ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮಡಚಿದ ಹಾಳೆಯನ್ನು ಫೈಲಿನಲ್ಲಿ ಬಚ್ಚಿಟ್ಟವಳು ನಾನು. ನನ್ನ ಬಗ್ಗೆ ನನಗೆ ಗೊತ್ತು.

ಇದನ್ನೆಲ್ಲ ಮಾಡುತ್ತಾ ಹೋದರೆ ಒಂದು ದಿನ ಲೂಕ 18ರ ಕತೆಯ ಫರಿಸಾಯ, ಪ್ರಾರ್ಥನೆಯಲ್ಲೇ ಸುಂಕ ವಸೂಲಿಯವನಿಗಿಂತ ತಾನು ಮೇಲು ಅಂದವನು, ಬಂದು ಪಕ್ಕದಲ್ಲಿ ಕೂರುತ್ತಾನೆ. "ನಾನು ಆ ಸುಂಕದವನ ಹಾಗಲ್ಲ" ಅಂತ ಹೇಳುವಷ್ಟು ನಾವು ದಡ್ಡರಲ್ಲ. ನಾವು "ಸದ್ಯ, ನಾನು ಆ ಫರಿಸಾಯನ ಹಾಗಲ್ಲ" ಅನ್ನುತ್ತೇವೆ. ಅಲ್ಲಿಗೆ ಕೆಲಸ ಕೆಟ್ಟಿತು. ಹಾಗನ್ನಿಸಿದ ದಿನ ನಾನು ಸುಂಕದವನ ಪ್ರಾರ್ಥನೆಯನ್ನೇ ತೆಗೆದುಕೊಳ್ಳುತ್ತೇನೆ, ಒಂದೇ ಸಾಲು: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ಅವನೇ ನೀತಿವಂತನಾಗಿ ಮನೆಗೆ ಹೋದದ್ದು.

ಬಿದ್ದರೆ? ಬೀಳುತ್ತೀರಿ. ಜ್ಞಾನೋಕ್ತಿ 24:16ರಲ್ಲಿ ಏಳು ಸಲ ಬೀಳುವವನನ್ನೂ ನೀತಿವಂತ ಅಂತಲೇ ಕರೆದಿದೆ, ಏಕೆಂದರೆ ಅವನು ಮತ್ತೆ ಏಳುತ್ತಾನೆ. ಅರಿಕೆ ಮಾಡಿ, ಅವತ್ತೇ. ಮೂರು ವಾರ ಕಾಯಬೇಡಿ.

ನನ್ನ ಪುಸ್ತಕದಲ್ಲಿ ಈಗ ಒಂದು ಹೆಸರಿದೆ, ತಂಗಿಯದು. ಪಕ್ಕದಲ್ಲಿ 'ಜವಾಬ್ದಾರಿ ಇಲ್ಲ ಅಂದದ್ದು' ಅಂತ ಬರೆದು ಒಂಬತ್ತು ದಿನ ಆಯಿತು. ಅವಳು ಕೆಲಸ ಮುಗಿಸಿ ಮನೆಗೆ ಬರುವುದು ರಾತ್ರಿ ಎಂಟಕ್ಕೆ. ಈಗ ಎಂಟು ಕಾಲು.